ಶಿರವಾಳದಿಂದ ಮೈಸೂರಿಗೆ

ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಬುದ್ಧದೇವನು ಅಂಗಾತನಾಗಿ ಮಲಗಿರುವಂತೆ ತೋರುವುದೆಂಬ ಸಂಗತಿಯನ್ನು ವಾಚಕರಲ್ಲಿ ಹಲವರು ಬಲ್ಲರು. ಹಣೆ, ಮೂಗು, ತುಟಿ, ಗದ್ದ, ಎದೆ ಇವೆಲ್ಲವೂ ಬೆಟ್ಟದ ಏರಿಳಿತಗಳಲ್ಲಿ ತಾವಾಗಿಯೇ ಮೂಡಿರುವುವು. ಶಿಲ್ಪಿಯ ಉಳಿ ಅಲ್ಲಿ ಸೋಕಿಲ್ಲ. ಕಳೆದ ಪುಷ್ಯಮಾಸದಲ್ಲಿ ನಾವು ಆ ಊರನ್ನು ಹಾಯ್ದು ಶಿರವಾಳಕ್ಕೆ ಹೊರಟೆವು. ದಾರಿಯ ಎರಡು ಕಡೆಗೂ ಎರೆಭೂಮಿ. ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು, ತೊಗರಿಯ ರಾಶಿ, ಕಾಲುವೆಯ ನೀರು ಬಂದಲ್ಲಿ ಬತ್ತದ ಹಸುರು. ಶಿರವಾಳದ ಗುಡಿಗಳನ್ನು ತೋರಿಸುವೆನೆಂದು ಆ ಊರಿನ ನಮ್ಮ ಬಾಲ್ಯಮಿತ್ರರೊಬ್ಬರು ಮೂವತ್ತು ವರ್ಷಗಳಿಂದ ಕರೆಯುತ್ತಿದ್ದರು. ಪಾಠಶಾಲೆಯ ನೌಕರಿ ಇರುವವರೆಗೆ ಬಿಡುವಾಗಲಿಲ್ಲ. ಬಿಡುವಾದಾಗ, ತೋರಿಸುವೆನೆಂದವರಿಗೆ ಮಾತೇ ಹೋಗಿದ್ದಿತು.

ದಸರೆಗೆ ಮುಂಚೆ ಅವರಿಗೆ ಲಕ್ವ ಹೊಡೆದಿತ್ತೆಂಬುದು ನಮಗೆ ತಿಳಿದಿದ್ದಿತು. ಬಲಗೈ ಬಲಗಾಲು ಸೋತಿವೆ, ನಾಲಿಗೆ ಹೊರಳುವುದಿಲ್ಲ ಎಂದು ಮಗನು ಫೋನಿನಲ್ಲಿ ಹೇಳಿದ್ದನು. ಆದರೂ ಕಣ್ಣಾರೆ ನೋಡುವವರೆಗೆ ಅದರ ಅರ್ಥ ನಮಗಾಗಿರಲಿಲ್ಲ. ನಮ್ಮನ್ನು ಕಂಡೊಡನೆ ಕಟ್ಟೆಯ ಮೇಲಿದ್ದ ಮಿತ್ರರ ಮುಖವು ಅರಳಿತು. ಎಡಗೈ ನೀಡಿ ನಮ್ಮ ಕೈಯನ್ನು ಬಿಗಿಯಾಗಿ ಹಿಡಿದು ‘ಬಸ್’ ಎಂದರು. ಪ್ರಯಾಣ ಸುಖವಾಯಿತೆಂದು ನಾವು ಹೇಳಿದ್ದಕ್ಕೂ ‘ಬಸ್, ಬಸ್’ ಎಂದರು. ಸಾಕು ಎಂಬ ಅರ್ಥದ ಈ ಶಬ್ದವು ಹಿಂದೂಸ್ತಾನಿಯಿಂದ ಬಂದು ನಮ್ಮ ಕಡೆ ಮನೆಮಾತೇ ಆಗಿಹೋಗಿದೆಯೆಂಬುದನ್ನು ದಕ್ಷಿಣದ ವಾಚಕರಿಗೆ ತಿಳಿಸಬೇಕು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ್ರ,” ಎಂದರು ಅವರ ಮನೆಯವರು. “ಎಲ್ಲಾದಕ್ಕೂ ಅದೊಂದೇ ಮಾತು ಉಳದದ ನೋಡ್ರಿ.”

ಊಟದ ಹೊತ್ತಿಗೆ ನಮಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮಿತ್ರರಿಗೆ ಗಂಗಾಳದಲ್ಲಿ ನುಚ್ಚು ಬಂದಿತು. ಸೊಸೆಯು ನಾಲ್ಕು ತುತ್ತು ಉಣಿಸುವಷ್ಟರಲ್ಲಿ ಅವರು ‘ಬಸ್’ ಎಂದರು. ಆಕೆ ಗಂಗಾಳವನ್ನು ತೆಗೆದುಕೊಂಡು ಒಳಗೆ ಹೋದಳು. ಅನಂತರ ಹೊರಸಿನ ಮೇಲೆ ಒರಗಿಸಿ ತಂಬಿಗೆಯಿಂದ ನೀರು ಹಾಕಿದರು. ಒಡನೆಯೇ ಕೆಮ್ಮು ಬಂದು ಕಣ್ಣಲ್ಲಿ ನೀರಾಡಿತು. ಆಮೇಲೆ ಅವರಾಡಿದ ‘ಬಸ್’ ಎಂಬುದು ಬಾಯಲ್ಲಿ ನೀರು ಮುಕ್ಕಳಿಸುತ್ತ ಆಡಿದಂತೆ ಗೊರಗೊರನೆ ಕೇಳಿಸಿತು. ನೀರು ಕುಡಿಸಿದಾಗಲೆಲ್ಲ ಹೀಗೆಯೇ ಆಗುವುದಂತೆ. ಕಾರ್ತಿಕದಲ್ಲಿ ಜ್ವರ ಬಂದು ಪುಪ್ಪುಸಕ್ಕೆ ಕಫ ಇಳಿದಿದೆಯೆಂದು ಕಲಬುರಗಿಯ ಆಸ್ಪತ್ರೆಯಲ್ಲಿ ಹತ್ತು ದಿವಸ ಇಟ್ಟುಕೊಂಡಿದ್ದರಂತೆ. ನೀರಿಗೂ ಜ್ವರಕ್ಕೂ ಸಂಬಂಧವಿದೆಯೆಂದು ಮನೆಯವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಲಕ್ವ ಹೊಡೆದ ದಿನದ ವೃತ್ತಾಂತವನ್ನು ಕೇಳಿ ನಾವು ಮತ್ತಷ್ಟು ನೊಂದೆವು. ಬೆಳಗ್ಗೆ ಬಾಯಿ ಸೊಟ್ಟಗಾದುದನ್ನು ಕಂಡೊಡನೆ ಗಾಡಿ ಮಾಡಿಕೊಂಡು ಲಕ್ವಕ್ಕೆ ಔಷಧ ಹಾಕುವ ಒಬ್ಬರ ಬಳಿಗೆ ಹೋದರು. ಅಲ್ಲಿ ಪಾರಿವಾಳದ ರಕ್ತ ತಿಕ್ಕಿಸಿಕೊಂಡು, ಸಂಜೆಯವರೆಗೆ ಕಾದು, ಆಮೇಲೆ ದವಾಖಾನೆಗೆ ಹೋದರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಫಲ. ಈ ಒಂದು ಮಾತನ್ನಾದರೂ ಗೃಹಸ್ಥರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನ ಮಗನೊಡನೆ ಗುಡಿಗಳನ್ನು ನೋಡಿದೆವು. ರಾಷ್ಟ್ರಕೂಟರ, ಚಾಲುಕ್ಯರ ಕಾಲದ ಕಟ್ಟಡಗಳು ಊರೊಳಗೆ, ಊರ ಹೊರಗೆ, ಹೊಲದ ಬದುವಿನಲ್ಲಿ ಎಲ್ಲೆಂದರಲ್ಲಿ ಇವೆ. ಕೆಲವಕ್ಕೆ ಶಿಖರವಿಲ್ಲ, ಕೆಲವಕ್ಕೆ ದೇವರಿಲ್ಲ. ಎಷ್ಟು ಗುಡಿಗಳೆಂದು ಕೇಳಿದರೆ ಊರವರು ಹೇಳುವ ಸಂಖ್ಯೆ ದೊಡ್ಡದು. ನಾವು ಎಣಿಸಲು ಹೋಗಲಿಲ್ಲ. ನಿಜವನ್ನು ಹೇಳುವುದಾದರೆ ಆ ದಿನ ನಮ್ಮ ಮನಸ್ಸು ಕಂಬಗಳ ಮೇಲೆ ನಿಲ್ಲಲಿಲ್ಲ.

ರಾತ್ರಿ ಭಜನೆಯವರು ಬಂದರು. ನಮ್ಮ ಮಿತ್ರರು ಆ ಮೇಳದ ಹಿರಿಯರು; ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಅವರ ಕಂಠದಲ್ಲಿ ಕೇಳಿದವರು ಮರೆಯುವುದಿಲ್ಲ. ಏಕತಾರಿ ಮಿಡಿದು ಪದವನ್ನೆತ್ತಿದೊಡನೆ ಮೂಲೆಯಲ್ಲಿ ಕುಳಿತಿದ್ದ ಮಿತ್ರರು ದನಿಗೂಡಿಸಿದರು. ಗುನುಗಲ್ಲ, ಶಬ್ದಗಳು! ಅಲ್ಲೊಂದು ಇಲ್ಲೊಂದು ಜಾರಿದರೂ ಪದವು ಮೊದಲಿನಿಂದ ಕೊನೆಯವರೆಗೆ ಬಂದಿತು. ನಾವು ಬೆರಗಾಗಿ ನೋಡುತ್ತಿರಲು ಪದ ಮುಗಿಯಿತು. “ಯಾವ ಪದ ಹಾಡಿದಿರಿ?” ಎಂದು ಕೇಳಿದೆವು. ಅವರು ಬಾಯಿ ತೆರೆದು, ತಡವರಿಸಿ, ಬೆವತು, ‘ಬಸ್’ ಎಂದರು.

ಮಗನು ನಮ್ಮನ್ನು ಅಂಗಳಕ್ಕೆ ಕರೆದು ಮೆಲ್ಲನೆ ಹೇಳಿದನು: “ಕಾಕಾ, ಹಾಡು ಬರ್ತದ, ಮಾತು ಬರಂಗಿಲ್ಲ. ಬೇಕಂತ್ಲೇ ಮಾತಾಡಂಗಿಲ್ಲ ಅಂತ ಮಂದಿ ಅಂತಾರ. ನನಗೂ ಒಮ್ಮೊಮ್ಮೆ ಹಂಗ ಅನಸ್ತದ.”

ಮರುದಿನ ಸನ್ನತಿಗೆ ಹೋದೆವು. ಭೀಮಾತೀರದ ಆ ಕ್ಷೇತ್ರವು ಶಿರವಾಳಕ್ಕೆ ದೂರವಲ್ಲ. ಅಲ್ಲಿಯ ಚಂದ್ರಲಾಂಬೆಯ ಆವರಣದಲ್ಲಿ ಕಾಳಿಯ ಗುಡಿಯ ಛಾವಣಿಯು 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು ಬೆಳಕಿಗೆ ಬಂದಿತು. ಪೀಠವನ್ನು ಮಾಡಿದ ಕಲ್ಲುಕುಟಿಗನಿಗೆ ಬ್ರಾಹ್ಮೀಲಿಪಿ ಗೊತ್ತಿರಲಿಲ್ಲ. ವಿಗ್ರಹವನ್ನು ನಾಟಲು ನಟ್ಟನಡುವೆ ರಂಧ್ರ ಕೊರೆದನು. ರಂಧ್ರದಲ್ಲಿದ್ದ ಅಕ್ಷರಗಳು ಹೋದುವು; ಸುತ್ತಲಿನವು ಉಳಿದುವು. ಅವೇ ಧರ್ಮಲಿಪಿಗಳು ದೇಶದ ಬೇರೆ ಕಡೆಯ ಬಂಡೆಗಳಲ್ಲಿಯೂ ಇರುವುದರಿಂದ ಬಲ್ಲವರು ಅವುಗಳ ನೆರವಿನಿಂದ ಇದನ್ನೂ ಓದಿದರು. ಕಲ್ಲನ್ನು ಓದಲು ಬಲ್ಲವರಿರುವಂತೆ ನಮ್ಮ ಮಿತ್ರರನ್ನು ಓದಲು ಬಲ್ಲವರೂ ಎಲ್ಲಿಯಾದರೂ ಇರಬೇಕೆಂದು ನಮಗೆ ತೋರಿತು. ಅಂದಿನ ಸಂಜೆ, ಈಗ ವೈದ್ಯನಾಗಿರುವ ನಮ್ಮ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದೆವು. ಅವನು ಎರಡನೆಯ ಮಾತಾಡದೆ “ಮೈಸೂರಿಗೆ ಕರಕೊಂಡು ಹೋಗ್ರಿ, ಗುರುಗಳೆ” ಎಂದನು.

ಮಾಘಮಾಸದಲ್ಲಿ ನಾವು ಐವರು, ಎಂದರೆ ಮಿತ್ರರು, ಅವರ ಪತ್ನಿ, ಮಗ, ಸೊಸೆ ಮತ್ತು ನಾವು, ಯಾದಗಿರಿಯಲ್ಲಿ ಬಸವ ಎಕ್ಸ್‌ಪ್ರೆಸ್ ಗಾಡಿಯನ್ನೇರಿದೆವು. ರಾಯಚೂರು, ಗುಂತಕಲ್ಲು, ಬೆಂಗಳೂರುಗಳನ್ನು ಹಾಯ್ದು ಮಾರನೆಯ ದಿನ ಮೈಸೂರು ಸೇರಿದುದಾಯಿತು. ಪ್ರಯಾಣದ ವರ್ಣನೆಯಿಂದ ವಾಚಕರನ್ನು ಬಳಲಿಸುವುದಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಲೋಗೊಪೆಡಿಕ್ಸ್ ಸಂಸ್ಥೆಯೆಂಬ ಹೆಸರಿನಿಂದ ಆರಂಭವಾಗಿ, ಮರುವರ್ಷದಲ್ಲಿ ಈಗಿನ ಸ್ವರೂಪವನ್ನು ಪಡೆಯಿತು. ಇದು ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ್ದು. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು, ತಂದು ಬಿಡುವರು. ವಿಶಾಲವಾದ ಮರಗಳ ನಡುವೆ ಕಟ್ಟಡಗಳು; ಮಾತು ಕಲಿಯದ ಹಸುಳೆಗಳು, ಉಗ್ಗುವ ತರುಣರು, ಗಂಟಲಿನ ಗಡ್ಡೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು, ಪಾಠ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡ ನಮ್ಮ ವೃತ್ತಿಯವರು, ಕಿವಿ ಮಂದವಾದ ಮುದುಕರು, ಎಲ್ಲರೂ ಅಲ್ಲಿ ಕಾಣಸಿಗುವರು.

ನಮ್ಮ ಮಿತ್ರರನ್ನು ಪರೀಕ್ಷಿಸಿದವರು ಮೂವತ್ತು ವರ್ಷದೊಳಗಿನ ಒಬ್ಬ ಹೆಣ್ಣುಮಗಳು. “ಬನ್ನಿ ಯಜಮಾನರೇ, ಕೂತ್ಕೊಳ್ಳಿ” ಎಂದು ಕುರ್ಚಿ ಸರಿಸಿ, ರೋಗಿಯ ಕಣ್ಣನ್ನೇ ನೋಡುತ್ತ ಅವರೊಡನೆಯೇ ಮಾತಾಡಿದರು. ನಾವು ಉತ್ತರ ಹೇಳಲು ಬಾಯಿ ತೆರೆದಾಗ ಕೈಸನ್ನೆಯಿಂದ ತಡೆದರು. ನಾಲಿಗೆ ಚಾಚಿರಿ, ಕಣ್ಣು ಮುಚ್ಚಿರಿ, ಬಾಗಿಲನ್ನು ತೋರಿಸಿರಿ ಎಂದಾಗ ಮಿತ್ರರು ಹೆಚ್ಚುಪಾಲು ಸರಿಯಾಗಿಯೇ ಮಾಡಿದರು. ನಾಲಿಗೆಗೆ ಹೆಚ್ಚಿನ ದೋಷವಿಲ್ಲ; ಮಿದುಳಿನ ಎಡಭಾಗದಲ್ಲಿ ಶಬ್ದವನ್ನು ಹುಡುಕಿ ಜೋಡಿಸಿ ಬಾಯಿಗೆ ಕಳುಹಿಸುವ ಸ್ಥಾನಕ್ಕೆ ಪೆಟ್ಟಾಗಿದೆ; ಅರ್ಥಜ್ಞಾನವು ಬಹುಮಟ್ಟಿಗೆ ಉಳಿದಿದೆ ಎಂದು ಆಕೆ ವಿವರಿಸಿದರು. ಇದಕ್ಕೆ ಅಫೇಸಿಯಾ ಎಂದು ಹೆಸರು. ಪಾರ್ಶ್ವವಾಯು ಪೀಡಿತರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಇದು ಉಂಟಾಗುವುದಂತೆ. ಪಶ್ಯಂತೀ, ಮಧ್ಯಮಾ, ವೈಖರೀ ಎಂದು ವಾಕ್ಕಿನ ಅವಸ್ಥೆಗಳನ್ನು ಭರ್ತೃಹರಿಯ ಗ್ರಂಥದಿಂದ ಪಾಠ ಹೇಳುತ್ತಿದ್ದ ನಮಗೆ, ಮಧ್ಯಮೆಯಿಂದ ವೈಖರಿಗೆ ಬರುವ ದಾರಿಯಲ್ಲಿ ಕಲ್ಲುರುಳಿದ ಒಬ್ಬ ಮನುಷ್ಯನು ಎದುರಿಗೆ ಕುಳಿತಂತಾಯಿತು. ಇದು ನಮ್ಮ ಹೋಲಿಕೆ ಮಾತ್ರ. ಆಕೆಯ ಶಾಸ್ತ್ರವು ಬೇರೆ.

ಆ ಒಂದೇ ಶಬ್ದದ ವಿಷಯವನ್ನು ಕೇಳಿದೆವು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ಎಂಬವರು ವರ್ಣಿಸಿದ ರೋಗಿಯು ಏನು ಕೇಳಿದರೂ ‘ತಾನ್’ ಎಂದಷ್ಟೇ ಹೇಳುತ್ತಿದ್ದನಂತೆ. ಆಸ್ಪತ್ರೆಯಲ್ಲಿ ಅದೇ ಅವನ ಹೆಸರಾಗಿದ್ದಿತು. ಹೀಗೆ ಉಳಿದ ಶಬ್ದಕ್ಕೆ ನಿಘಂಟಿನ ಅರ್ಥವಿರುವುದಿಲ್ಲ, ಅದು ಬಾಯಿಗೆ ತಾನಾಗಿ ಬರುವ ಸದ್ದು ಎಂದು ಆಕೆ ಹೇಳುತ್ತಿದ್ದಂತೆ ಸೊಸೆಯ ಮುಖವು ಬಿಳಿಚಿತು. ಆಕೆ ಅಂಜುತ್ತ ಗಂಗಾಳದ ಸಂಗತಿಯನ್ನು ಹೇಳಿದಳು. ಆ ಹೆಣ್ಣುಮಗಳು ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟರು: ಒಂದರಲ್ಲಿ ಅನ್ನ ತುಂಬಿದ ತಟ್ಟೆ, ಇನ್ನೊಂದರಲ್ಲಿ ಬೇಡವೆಂದು ಅಡ್ಡ ಹಿಡಿದ ಕೈ. “ಊಟದ ಹೊತ್ತಲ್ಲಿ ಬಸ್ ಅಂತೀರಲ್ಲ, ಯಾವುದು ಅದು? ತೋರಿಸಿ” ಎಂದರು. ಮಿತ್ರರು ತಡಮಾಡದೆ ಎಡಗೈಯ ಬೆರಳನ್ನು ತುಂಬಿದ ತಟ್ಟೆಯ ಮೇಲಿಟ್ಟರು. ಇಟ್ಟು, ಒತ್ತಿದರು.

ಮನೆಯವರು ಸೆರಗನ್ನು ಮುಖಕ್ಕೆ ಹಿಡಿದರು. “ನಾಕು ತಿಂಗಳು ಉಣ್ಣೋ ಗಂಗಾಳ ಕಸಗೊಂಡೀವಲ್ಲ ಶಿವನೇ” ಎಂಬ ಮಾತು ಸೆರಗಿನೊಳಗಿಂದ ಕೇಳಿಸಿತು. ಮಗನು ಎದ್ದು ಕಿಟಕಿಯ ಬಳಿಗೆ ಹೋದನು. ಲಕ್ವದಿಂದ ಸೊರಗಿದರೆಂದು ನಾವೆಲ್ಲರೂ ತಿಳಿದಿದ್ದ ದೇಹವು ಅರೆಹೊಟ್ಟೆಯಿಂದ ಸೊರಗಿದ್ದಿತು.

ನುಂಗುವಿಕೆಯ ಪರೀಕ್ಷೆ ಮಾರನೆಯ ದಿನ. ಕ್ಷಕಿರಣದೆದುರು ಕುಳ್ಳಿರಿಸಿ ಬೇರಿಯಂ ಬೆರೆಸಿದ ಪದಾರ್ಥಗಳನ್ನು ಚೂರುಚೂರಾಗಿ ನುಂಗಿಸಿ, ಅದು ಇಳಿಯುವ ದಾರಿಯನ್ನು ಪರದೆಯ ಮೇಲೆ ನೋಡುವರು. ಅನ್ನದ ದಾರಿಯೂ ಉಸಿರಿನ ದಾರಿಯೂ ಗಂಟಲಿನಲ್ಲಿ ಕೂಡಿ ಬೇರೆಯಾಗುವುವು. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆಯು ಮೇಲೆದ್ದು, ಕಿರುನಾಲಿಗೆಯ ಕೆಳಗಿರುವ ಮುಚ್ಚಳದಂಥ ಮೃದ್ವಸ್ಥಿಯು ಬಾಗಿ, ಉಸಿರಿನ ಬಾಗಿಲನ್ನು ಮುಚ್ಚುವುದು. ಇದು ಒಂದು ಸೆಕೆಂಡಿನ ವ್ಯವಹಾರ. ಲಕ್ವದ ಹೊಸದರಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಈ ಕ್ರಮವು ತಪ್ಪುವುದು. ಗಟ್ಟಿಯಾದುದು ನಿಧಾನವಾಗಿ ಜಾರುವುದರಿಂದ ಬಾಗಿಲು ಮುಚ್ಚಲು ಹೊತ್ತು ಸಿಗುವುದು. ನೀರು ಓಡುವುದರಿಂದ ಬಾಗಿಲಿಗೆ ಮೊದಲೇ ತಾನು ಒಳಗಾಗುವುದು. ನೀರಿಗಿಂತ ನಿರಪಾಯವಾದ ವಸ್ತು ಇಲ್ಲವೆಂದು ತಿಳಿದ ನಮ್ಮ ಮನೆಗಳಲ್ಲಿ ಮಲಗಿದವರ ಬಾಯಿಗೆ ಮೊದಲು ಹಾಕುವುದೇ ನೀರು! ಕೆಲವರಿಗೆ ಕೆಮ್ಮು ಸಹ ಬರುವುದಿಲ್ಲ. ಸದ್ದಿಲ್ಲದೆ ಪುಪ್ಪುಸಕ್ಕಿಳಿದು ಜ್ವರವಾಗಿಯೇ ಹೊರಗೆ ತೋರುವುದು. ಉಂಡ ಮೇಲೆ ದನಿಯು ಒದ್ದೆಯಾಗಿ ಗೊರಗೊರ ಎಂದರೆ ಅದೇ ಎಚ್ಚರಿಕೆಯ ಗಂಟೆ.

ನಮ್ಮ ಮಿತ್ರರಿಗೆ ಹೇಳಿದ ಕ್ರಮವಿದು: ನೆಟ್ಟಗೆ ಕುಳ್ಳಿರಿಸಿಯೇ ಉಣಿಸುವುದು, ಗದ್ದವನ್ನು ಎದೆಯ ಕಡೆಗೆ ತುಸು ಬಾಗಿಸಿ ನುಂಗುವುದು, ಚಿಕ್ಕ ಚಮಚದಷ್ಟೇ ತುತ್ತು, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು, ಬಲದವಡೆಯಲ್ಲಿ ಅನ್ನ ಉಳಿದಿದೆಯೇ ಎಂದು ನೋಡುವುದು, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸದಿರುವುದು, ದಿನಕ್ಕೆರಡು ಸಲ ಬಾಯಿ ತೊಳೆಯಿಸುವುದು, ತೆಳ್ಳಗಿನ ನೀರನ್ನು ಸದ್ಯಕ್ಕೆ ನಿಲ್ಲಿಸಿ ಎಲ್ಲ ಪಾನೀಯವನ್ನೂ ಜೇನಿನಷ್ಟು ಮಂದ ಮಾಡಿ ಕೊಡುವುದು. ಇದನ್ನು ಓದಿ ಯಾರೂ ತಮ್ಮ ಮನೆಯ ರೋಗಿಗೆ ಹೀಗೆಯೇ ಮಾಡತೊಡಗಬಾರದು. ಒಬ್ಬೊಬ್ಬರ ದೋಷ ಒಂದೊಂದು ಬಗೆ, ಪರೀಕ್ಷೆಯಾದ ಮೇಲೆಯೇ ಕ್ರಮ. ಲೋಕದ ತಜ್ಞರು ಸೇರಿ ಆಹಾರದ ಮಂದತೆಗೆ ಸೊನ್ನೆಯಿಂದ ಏಳರವರೆಗೆ ಅಂಕಗಳನ್ನು ಕಟ್ಟಿರುವರಂತೆ. ಆದರೆ ಶಿರವಾಳದ ಸೊಸೆಗೆ ಅಂಕ ಬೇಕಾಗಲಿಲ್ಲ. “ಅಂದ್ರ ಅಂಬಲಿ ಹದ ಏನ್ರಿ, ಅಕ್ಕಾರ?” ಎಂದು ಕೇಳಿದಳು. ಹೌದೆಂದರು. ಜೋಳದ ಅಂಬಲಿಯನ್ನು ಹುಟ್ಟಿದಂದಿನಿಂದ ಕಂಡ ಕೈಗೆ ಆ ಹದವು ತಿಳಿದೇ ಇದ್ದಿತು.

ಮಾತಿನ ಪಾಠವು ಮೂರು ವಾರ ನಡೆಯಿತು. ಹಾಡು ಬಂದು ಮಾತು ಬಾರದಿರುವುದು ಕಪಟವಲ್ಲ. ರಾಗವನ್ನೂ ಬಾಯಿಪಾಠವಾದುದನ್ನೂ ನಡೆಸುವಲ್ಲಿ ಮಿದುಳಿನ ಬಲಭಾಗವೂ ಕೈಗೂಡಿಸುವುದರಿಂದ ಅವು ಉಳಿಯಬಲ್ಲವು ಎಂದು ಕೇಳಿದಾಗ ಮಗನು ತಲೆ ತಗ್ಗಿಸಿದನು. ಈ ಉಳಿದ ದಾರಿಯನ್ನೇ ಹಿಡಿದು ಮಾತನ್ನು ಎಳೆದು ತರುವ ಒಂದು ಕ್ರಮವನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನವರು ಪ್ರಕಟಿಸಿದರು. ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕುತ್ತ, ಎರಡೇ ಸ್ವರಗಳಲ್ಲಿ ‘ನೀ-ರು ಕೊ-ಡು’ ಎಂದು ಹಾಡಿಸುವರು. ದಿನ ಕಳೆದಂತೆ ರಾಗವನ್ನು ಇಳಿಸುತ್ತ ಇಳಿಸುತ್ತ ಮಾತಿನ ಹತ್ತಿರಕ್ಕೆ ತರುವರು. ನಮ್ಮ ಮಿತ್ರರಿಗೆ ತಾಳ ಹಾಕಲು ಯಾರೂ ಕಲಿಸಬೇಕಾಗಿರಲಿಲ್ಲ.

ಕನ್ನಡಿಯೊಂದನ್ನು ಮುಂದಿಟ್ಟುಕೊಂಡು ಪ, ಬ, ಮ ಎಂದು ತುಟಿಯಿಂದಲೂ, ತ, ದ, ನ ಎಂದು ಹಲ್ಲಿನಿಂದಲೂ ಆಡಿಸುತ್ತಿದ್ದುದನ್ನು ನೋಡಿ ನಮಗೆ ಶಿಕ್ಷಾಶಾಸ್ತ್ರದ ನೆನಪಾಯಿತು. ವರ್ಣಗಳಿಗೆ ಎಂಟು ಸ್ಥಾನಗಳನ್ನು ಹೇಳಿದ ಪಾಣಿನೀಯ ಶಿಕ್ಷೆಯಲ್ಲಿ, ಹೆಣ್ಣುಹುಲಿಯು ಮರಿಯನ್ನು ಕಚ್ಚದೆ, ಬೀಳಿಸದೆ ಒಯ್ಯುವಂತೆ ಅಕ್ಷರವನ್ನು ಆಡಬೇಕೆಂಬ ದೃಷ್ಟಾಂತವಿದೆ. ಒಂದನೆಯ ತರಗತಿಯ ಮಕ್ಕಳು ಕಿರುಚುವ ಕ ಚ ಟ ತ ಪ ಎಂಬುದು ಗಂಟಲಿನಿಂದ ತುಟಿಗೆ ಬರುವ ದಾರಿಯ ನಕ್ಷೆಯೇ ಆಗಿರುವುದನ್ನು ನಾವು ಬಲ್ಲೆವಾದರೂ, ಅದರಿಂದ ಒಬ್ಬ ರೋಗಿಗೆ ಉಪಕಾರವಾಗುವುದನ್ನು ಅಂದೇ ಕಂಡೆವು.

ಒಂದು ದಿನ ತರಕಾರಿಯ ಚಿತ್ರಗಳನ್ನು ಹಿಡಿದು ಹೆಸರನ್ನು ಕೇಳುತ್ತಿದ್ದರು. ಒಂದು ಚಿತ್ರಕ್ಕೆ ಮಿತ್ರರು ಬಹಳ ಹೆಣಗಿ ‘ಉ... ಉ...’ ಎಂದರು. “ಅಲ್ಲ, ಈ... ಈರು...” ಎಂದು ಆಕೆ ಮೊದಲಕ್ಷರದ ನೆರವು ಕೊಟ್ಟರು. ಮಿತ್ರರು ಸಿಟ್ಟಿನಿಂದ ತಲೆಯಾಡಿಸಿ ಮತ್ತೆ ‘ಉ’ ಎಂದರು. ನಮಗೆ ಆಗ ಹೊಳೆಯಿತು. “ಅಮ್ಮಾ, ನಮ್ಮ ಸೀಮೆಯಲ್ಲಿ ಅದು ಈರುಳ್ಳಿಯಲ್ಲ, ಉಳ್ಳಾಗಡ್ಡಿ” ಎಂದೆವು. ಆಕೆ ನಕ್ಕು, ತಮ್ಮ ತಪ್ಪೆಂದು ಒಪ್ಪಿಕೊಂಡು, ಪಟ್ಟಿಯನ್ನು ನಮ್ಮ ಕೈಗೇ ಕೊಟ್ಟು, ಶಿರವಾಳದ ಹೆಸರುಗಳನ್ನೆಲ್ಲ ಬರೆಯಿಸಿಕೊಂಡರು. ಕಡಲೆಕಾಯಿಯು ಶೇಂಗಾ ಆಯಿತು, ಸೌದೆಯು ಕಟ್ಟಿಗೆಯಾಯಿತು. ಮಿತ್ರರು ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸಿದರು. ಪುಸ್ತಕದ ಕನ್ನಡವು ಶುದ್ಧವೆಂದು ಮೂವತ್ತೈದು ವರ್ಷ ಮಕ್ಕಳ ಆಡುನುಡಿಯನ್ನು ತಿದ್ದಿದ ನಮಗೆ ಆ ಕಣ್ಣಿನ ಅರ್ಥವಾಗದೆ ಇರಲಿಲ್ಲ.

ಅಲ್ಲಿಯ ಶಿಶುವಿಹಾರದ ಮುಂದೆ ಹಾಯುವಾಗಲೆಲ್ಲ ನಮ್ಮ ಹೆಜ್ಜೆ ನಿಧಾನವಾಗುತ್ತಿದ್ದಿತು. ಕಿವುಡಾಗಿ ಹುಟ್ಟಿದ ಮಕ್ಕಳೊಡನೆ ತಾಯಂದಿರೂ ಅಲ್ಲಿ ಕುಳಿತು ಪಾಠ ಕಲಿಯುವರು. ಹುಟ್ಟಿದ ಮಗುವಿನ ಕಿವಿಯನ್ನು ಅದು ಮಲಗಿರುವಾಗಲೇ ಕೆಲವು ನಿಮಿಷಗಳಲ್ಲಿ ಯಂತ್ರದಿಂದ ಪರೀಕ್ಷಿಸಬಹುದು. ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಈಗಿನ ನಿಯಮ. ಮಗು ತಡವಾಗಿ ಮಾತಾಡೀತೆಂದು ಅಜ್ಜಿಯರು ಕಾಯಿಸುವ ಎರಡು ಮೂರು ವರ್ಷಗಳೇ ಬೆಲೆಯುಳ್ಳವು. ನಮ್ಮ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗನಿದ್ದನು. ಕರೆದರೆ ತಿರುಗುತ್ತಿರಲಿಲ್ಲ; ಉಕ್ತಲೇಖನದಲ್ಲಿ ಸೊನ್ನೆ. ಉಡಾಳನೆಂದು ಬಗೆದು ನಾವು ಅವನನ್ನು ಎರಡು ವರ್ಷ ಗೋಡೆಯ ಬಳಿ ನಿಲ್ಲಿಸಿದೆವು. ಅವನ ಎರಡೂ ಕಿವಿಗಳು ಸೋರುತ್ತಿದ್ದುವೆಂಬುದು ಅವನು ಶಾಲೆ ಬಿಟ್ಟ ಮೇಲೆ ತಿಳಿಯಿತು. ಈಗ ಅವನೆಲ್ಲಿರುವನೋ ನಾವು ಅರಿಯೆವು.

ಹದಿನೆಂಟು ವರ್ಷದೊಳಗಿನ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಕಿವುಡುತನದ ತಡೆಗೆ ಬೇರೆ ಕಾರ್ಯಕ್ರಮವು 2007ರಲ್ಲಿಯೇ ಹೊರಟಿತು. ಆದರೆ ಲಕ್ವ ಹೊಡೆದ ಹಳ್ಳಿಯ ರೈತನು ಮಾತಿಗಾಗಿ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕಾದುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಮೂರು ವಾರದ ಖರ್ಚಿಗೆ ಮಿತ್ರರ ಮಗನು ತೊಗರಿಯನ್ನು ಬೆಲೆ ಬರುವ ಮೊದಲೇ ಮಾರಿದ್ದನು. ಊರಿಗೆ ಮರಳಿದ ಮೇಲೆ ಫೋನಿನ ಪರದೆಯ ಮೂಲಕ ವಾರಕ್ಕೊಮ್ಮೆ ಪಾಠ ಮುಂದುವರಿಸುವ ಏರ್ಪಾಡನ್ನು ಸಂಸ್ಥೆಯವರು ಮಾಡಿಕೊಟ್ಟರು. ಉಳಿದ ಆರು ದಿನಗಳು ಮನೆಯವರ ಪಾಲಿಗೆ. “ನಾನು ಹೇಳಿಕೊಡೋದು ನಿಮಗೆ, ಅವರಿಗೆ ಕಲಿಸೋರು ನೀವೇ” ಎಂದು ಹೊರಡುವ ದಿನ ಆ ಹೆಣ್ಣುಮಗಳು ಸೊಸೆಗೆ ಹೇಳಿದರು.

ಯುಗಾದಿ ಕಳೆದು ಬಿಸಿಲೇರಿದ ಮೇಲೆ ನಾವು ಮತ್ತೆ ಶಿರವಾಳಕ್ಕೆ ಹೋದೆವು. ಮಿತ್ರರ ಗಲ್ಲ ತುಂಬಿದ್ದುವು. ಜ್ವರ ಮತ್ತೆ ಬಂದಿರಲಿಲ್ಲ. ಪಡಸಾಲೆಯ ಗೋಡೆಗೆ ಗಂಗಾಳ, ತಂಬಿಗೆ, ಹೊರಸು, ಎತ್ತು, ಏಕತಾರಿ ಇವುಗಳ ಚಿತ್ರಗಳನ್ನು ಮೊಮ್ಮಗಳು ಬರೆದು ಅಂಟಿಸಿದ್ದಳು. ಊಟಕ್ಕೆ ಮುಂಚೆ ಆಕೆಯೂ ಅಜ್ಜನೂ ತಾಳ ಹಾಕುತ್ತ ಅರ್ಧ ಗಂಟೆ ಕುಳಿತುಕೊಳ್ಳುವರು. ಹನ್ನೆರಡು ಹದಿಮೂರು ಶಬ್ದಗಳು ಬಂದಿದ್ದುವು. ‘ನೀರು’, ‘ಬೇಕು’, ‘ಒಲ್ಲೆ’, ಮೊಮ್ಮಗಳ ಹೆಸರು. ‘ಒಲ್ಲೆ’ ಎಂಬುದನ್ನು ಅವರು ಬಹು ಸಂತೋಷದಿಂದ ಆಡುತ್ತಿದ್ದರು. ಅವಸರವಾದಾಗ, ಆಯಾಸವಾದಾಗ ಹಳೆಯ ‘ಬಸ್’ ಎಂಬುದೇ ಹೊರಡುತ್ತಿದ್ದಿತು. ಆದರೆ ಈಗ ಯಾರೂ ಗಂಗಾಳಕ್ಕೆ ಕೈ ಹಾಕದೆ ಗೋಡೆಯ ಚಿತ್ರವನ್ನು ತೋರಿಸಿ ಕೇಳುತ್ತಿದ್ದರು.

ಈ ಸಲ ಗುಡಿಗಳನ್ನು ಅವರೇ ತೋರಿಸಿದರು. ಮಗನ ಹೆಗಲಿನ ಮೇಲೆ ಕೈಯಿಟ್ಟು ಮೂರು ಗುಡಿಗಳವರೆಗೆ ನಡೆದರು. ನಾಲ್ಕನೆಯದಕ್ಕೆ ಕಾಲು ಬರಲಿಲ್ಲ. ಕಂಬವೊಂದರ ಕೆತ್ತನೆಯ ಮೇಲೆ ಎಡಗೈ ಆಡಿಸಿ ನಮ್ಮ ಮುಖ ನೋಡಿದರು. ನಾವು ಈ ಬಾರಿ ಕಂಬವನ್ನು ನೋಡಿದೆವು.

ಸಂಜೆ ನಮ್ಮನ್ನು ಕಳುಹಿಸಲು ಅವರೆಲ್ಲರೂ ರಸ್ತೆಯ ಬೇವಿನ ಮರದ ಕೆಳಗೆ ಬಂದು ಕುಳಿತರು. ಬಹಳ ಹೊತ್ತು ಏನೂ ಬರಲಿಲ್ಲ. ನಾವು ಮಗನೊಡನೆ ತೊಗರಿಯ ಬೆಲೆಯನ್ನು ಮಾತಾಡುತ್ತಿದ್ದೆವು. ಮಿತ್ರರು ನಮ್ಮ ತೋಳನ್ನು ಹಿಡಿದು ಅಲ್ಲಾಡಿಸಿ “ಬಸ್! ಬಸ್!” ಎಂದರು. ಮನೆಯವರು ಅಭ್ಯಾಸದಂತೆ “ಏನು ಬೇಕ್ರಿ, ನೀರೇನು?” ಎಂದು ಕೇಳಿದರು. ಮಿತ್ರರು ತಲೆಯಾಡಿಸಿ ರಸ್ತೆಯ ಕಡೆಗೆ ಕೈ ಚಾಚಿದರು. ಧೂಳೆಬ್ಬಿಸುತ್ತ ಶಹಾಪುರದ ಬಸ್ಸು ಬರುತ್ತಿದ್ದಿತು. ಮೊದಲು ನಕ್ಕವರು ಅವರೇ.